ಭಾನುವಾರದ ಕೊಂಡಿ

ಮಯೂರ್ ವಿಹಾರ್ ಫೇಸ್ ಒಂದು, ದೆಹಲಿ
14 ನವೆಂಬರ್ 2006, ಮಂಗಳವಾರ

ಚಿ. ಸೌ. ಹರಿಣಿಗೆ, ನಿನ್ನ ಅಮ್ಮನ ಆಶೀರ್ವಾದಗಳು.

ನಮ್ಮ ಹಿರಿಯರು ಪತ್ರ ಬರೆಯುವಾಗ ಇಲ್ಲಿ ನಾವು ಕ್ಷೇಮ, ಅಲ್ಲಿ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಎರಡನ್ನೂ ಮೊದಲ ಸಾಲಿನಲ್ಲೇ ಮುಗಿಸಿಬಿಡುತ್ತಿದ್ದರು. ನಾನು ಅದರಲ್ಲಿ ಅರ್ಧ ಮಾತ್ರ ಬರೆಯುತ್ತೇನೆ. ನೀನು ಹೇಗಿದ್ದೀಯೆ? ಕಾಲಿನ ಊತ ಇಳಿಯಿತಾ? ಕುಳಿತಾಗ ಕಾಲು ಜೋಲು ಬಿಡಬೇಡ, ಮುಂದೆ ಒಂದು ಮಣೆ ಇಟ್ಟುಕೋ. ಕಬ್ಬಿಣದ ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆಂದು ದಿಂಬಿನ ಕೆಳಗೆ ಸೇರಿಸುತ್ತಿದ್ದೀಯಂತೆ. ನಿನ್ನ ಅತ್ತೆ ಲೀಲಮ್ಮನವರು ಹೇಳಿದರು, ಅವರನ್ನು ಬೈಯಬೇಡ. ಚಿಕ್ಕಂದಿನಲ್ಲಿ ಹಾಲನ್ನೆಲ್ಲ ತುಳಸಿ ಕುಂಡಕ್ಕೆ ಕುಡಿಸಿದವಳಿಗೆ ಇದೇನು ಹೊಸ ವಿದ್ಯೆಯಲ್ಲ. ಊಟವಾದ ಮೇಲೆ ನುಂಗು, ನಿಂಬೆಹಣ್ಣು ಮೂಸಿ ನೋಡು, ತಡೆಯುತ್ತದೆ. ಮಗು ಒದೆಯುತ್ತಿದೆಯಾ? ಹೆಚ್ಚು ಒದ್ದರೆ ಹೆಣ್ಣು ಎಂದು ನಮ್ಮಮ್ಮ ಹೇಳುತ್ತಿದ್ದರು. ನೀನಂತೂ ನನ್ನ ಪಕ್ಕೆಲುಬನ್ನೇ ಮುರಿಯುವ ಹಾಗೆ ಒದೆಯುತ್ತಿದ್ದೆ.

ಈಗ ಕುಳಿತುಕೋ. ಈ ಪತ್ರವನ್ನು ಲೀಲಮ್ಮನವರ ಹೆಸರಿಗೆ ಕೊರಿಯರ್ ಮಾಡುತ್ತಿದ್ದೇನೆ. ಅವರೇ ನಿನ್ನ ಕೈಗೆ ಕೊಟ್ಟು ನೀನು ಓದಿ ಮುಗಿಸುವ ತನಕ ಪಕ್ಕದಲ್ಲಿರುತ್ತಾರೆ. ಮೊನ್ನೆ ಭಾನುವಾರ ಫೋನಿನಲ್ಲಿ ನೀನು ‘ಅಮ್ಮಾ, ಅಪ್ಪನಿಗೆ ಏನಾಗಿದೆ?’ ಎಂದು ಕೇಳಿದೆ. ನಾನು ಲೈನ್ ಸರಿಯಿಲ್ಲ ಎಂದು ಹೇಳಿ ಇಟ್ಟುಬಿಟ್ಟೆ. ಲೈನ್ ಚೆನ್ನಾಗಿಯೇ ಇತ್ತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈಯಲ್ಲಿ ಶಕ್ತಿಯಿಲ್ಲ, ಬಲಗಾಲನ್ನು ಎಳೆದು ಹಾಕುತ್ತಾರೆ, ಮಾತು ಹೋಗಿದೆ. ಜೀವಕ್ಕೆ ಅಪಾಯವಿಲ್ಲ. ಆ ಕೊನೆಯ ಮಾತನ್ನು ಇನ್ನೊಂದು ಸಲ ಓದಿಕೊಂಡು ಆಮೇಲೆ ಮುಂದಕ್ಕೆ ಬಾ. ಸೀಮಂತಕ್ಕೆ ಅಪ್ಪ ಅಮ್ಮ ಯಾಕೆ ಬರಲಿಲ್ಲ, ಚೊಚ್ಚಲ ಹೆರಿಗೆಗೆ ತವರಿನಿಂದ ಯಾಕೆ ಕರೆಯಲು ಬರಲಿಲ್ಲ ಎಂದು ನೀನು ಒಳಗೊಳಗೇ ಬೇಯುತ್ತಿರುವುದು ನನಗೆ ಗೊತ್ತು. ಎರಡಕ್ಕೂ ಕಾರಣ ಇದೇ.

ನಡೆದದ್ದು ಲಕ್ಷ್ಮೀ ನಗರದ ಕೋಚಿಂಗ್‌ನಲ್ಲಿ, ಪಾಠದ ಮಧ್ಯೆ. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮನುಷ್ಯ ಮನೆಯಲ್ಲಿ ಪೇಪರ್ ಓದಿಕೊಂಡು ಕುಳಿತಿರಿ ಎಂದರೆ ಕೇಳಿದರೇ? ಬ್ಯಾಂಕ್ ಪರೀಕ್ಷೆಯ ಮಕ್ಕಳಿಗೆ ಇಂಗ್ಲಿಷ್ ಪದ ಕಲಿಸುವ ಹುಚ್ಚು. ಅವರ ಕ್ರಮ ನಿನಗೆ ಗೊತ್ತು, ಆದರೆ ಇದನ್ನು ಲೀಲಮ್ಮನವರೂ ಓದುತ್ತಾರಲ್ಲ, ಅವರಿಗಾಗಿ ಬರೆಯುತ್ತೇನೆ. ಬೋರ್ಡಿನ ನಡುವೆ ಮೂರೋ ನಾಲ್ಕೋ ಅಕ್ಷರ ಬರೆದು ಸುತ್ತ ಒಂದು ಗುಂಡು ಎಳೆಯುತ್ತಾರೆ. ಅದಕ್ಕೆ ಅವರೇ ಇಟ್ಟ ಹೆಸರು ಕೊಂಡಿ. ಆ ಅಕ್ಷರಗಳು ಒಟ್ಟಿಗೆ ಬರುವ ಪದಗಳನ್ನೆಲ್ಲ ಮಕ್ಕಳು ಹಿಂದಿ ಅರ್ಥದ ಸಮೇತ ಒಕ್ಕೊರಲಿನಿಂದ ಕೂಗಬೇಕು. ಆರ್, ಯು, ಪಿ, ಟಿ ಎಂದು ಬರೆದರೆ, ‘ಇಂಟರಪ್ಟ್, ಬೀಚ್ ಮೇಂ ಟೋಕನಾ! ಬ್ಯಾಂಕ್‌ರಪ್ಟ್, ದಿವಾಲಿಯಾ! ಅಬ್ರಪ್ಟ್, ಅಚಾನಕ್!’ ಹೀಗೆ. ಒಂದೊಂದು ಪದದ ಅರ್ಥ ಒಂದೊಂದು ದಿಕ್ಕಿಗೆ ಹೋದರೂ ಕೊಂಡಿ ಹಿಡಿದು ಎಳೆದರೆ ಎಲ್ಲವೂ ಒಟ್ಟಿಗೆ ಮೇಲೆ ಬರುತ್ತವೆ ಎಂಬುದು ಅವರ ವಾದ. ನಡುವೆ ಬೇಕೆಂದೇ ಸುಮ್ಮನಾಗಿ, ಚಾಕ್‌ಪೀಸ್ ಎತ್ತಿ ಹಿಡಿದು ನಿಂತುಬಿಡುತ್ತಾರೆ. ಆಗ ಸಾರ್ ಪರೀಕ್ಷೆ ಮಾಡುತ್ತಿದ್ದಾರೆ, ಮುಂದಿನದನ್ನು ನಾವೇ ಹೇಳಬೇಕು ಎಂದು ಅರ್ಥ.

ಅಂದು ಬೋರ್ಡಿನ ಮೇಲೆ ‘ಪೋರ್ಟ್’ ಬರೆದು ಗುಂಡು ಎಳೆಯುತ್ತಿದ್ದರಂತೆ. ಗುಂಡು ಪೂರ್ತಿಯಾಗಲಿಲ್ಲ. ಚಾಕ್‌ಪೀಸ್ ಹಿಡಿದುಕೊಂಡೇ ಮಕ್ಕಳ ಕಡೆ ತಿರುಗಿದರು, ಬಾಯಿ ತೆರೆದರು, ನಿಂತರು. ಮಕ್ಕಳು ತಮ್ಮ ಸರದಿ ಬಂತೆಂದು ಕೂಗತೊಡಗಿದರು. ಇಂಪೋರ್ಟ್, ಎಕ್ಸ್‌ಪೋರ್ಟ್, ರಿಪೋರ್ಟ್, ಸಪೋರ್ಟ್, ಪೋರ್ಟಬಲ್. ಮುಗಿಯಿತು. ಸಾರ್ ಇನ್ನೂ ನಿಂತೇ ಇದ್ದಾರೆ. ಯಾವುದೋ ಪದ ಬಿಟ್ಟುಹೋಗಿದೆ, ಅದಕ್ಕೇ ಕಾಯುತ್ತಿದ್ದಾರೆ ಎಂದುಕೊಂಡು ಮೊದಲಿನಿಂದ ಮತ್ತೆ ಶುರು ಮಾಡಿದರು, ಇನ್ನೂ ಜೋರಾಗಿ. ಹಾಗೆ ಎಷ್ಟು ಸಲ ಹೇಳಿದರೋ. ಕೊನೆಗೆ ಚಾಕ್‌ಪೀಸ್ ಬಿದ್ದು, ಅದನ್ನು ಎತ್ತಲು ಬಗ್ಗಿದವರು ಏಳದೇ ಹೋದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಿರುಚಿದಳು. ಇನ್ನೂ ಬೇಗ ಕರೆತಂದಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರ್. ಆ ಮಕ್ಕಳ ತಪ್ಪೇನು ಹೇಳು? ಸುಮ್ಮನೆ ನಿಂತರೆ ನೀವು ಮುಂದುವರಿಸಿ ಎಂದು ಅವರಿಗೆ ಕಲಿಸಿದ್ದು ಈ ಮಹಾಶಯರೇ. ಆಸ್ಪತ್ರೆಗೆ ನಾಲ್ಕೈದು ಜನ ಬಂದಿದ್ದರು, ನನ್ನ ಮುಖ ನೋಡಲಾರದೆ ಗೋಡೆ ನೋಡಿಕೊಂಡು ನಿಂತಿದ್ದರು. ನಾನೇ ಅವರಿಗೆ ಚಹಾ ತರಿಸಿಕೊಟ್ಟೆ.

ಆಸ್ಪತ್ರೆಯಲ್ಲಿ ಆಗ ಎಲ್ಲಿ ನೋಡಿದರೂ ಜ್ವರದವರು. ಒಂದು ಮಂಚ ಸಿಗಲು ಸಂಜೆಯಾಯಿತು. ನಿನಗೆ ಹೇಳಬೇಕೆಂದು ಮೊದಲ ದಿನವೇ ದಾವಣಗೆರೆಗೆ ಫೋನ್ ಮಾಡಿದೆ. ಲೀಲಮ್ಮನವರು ಎತ್ತಿದರು. ನೀನು ಸ್ನಾನಕ್ಕೆ ಹೋಗಿದ್ದೆ. ವಿಷಯ ಕೇಳಿದವರೇ, ‘ಮನೋರಮಾ, ಹೊಟ್ಟೆಯಲ್ಲಿ ಕೂಸಿಟ್ಟುಕೊಂಡವಳ ಕಿವಿಗೆ ಇಂಥ ಸುದ್ದಿ ಹಾಕಬಾರದು, ನನ್ನ ಮೇಲೆ ಬಿಡು’ ಎಂದರು. ನಮ್ಮ ಕಡೆಯ ಪದ್ಧತಿಯೇ ಅದಲ್ಲವೇ. ನೀನು ಹೊಟ್ಟೆಯಲ್ಲಿದ್ದಾಗ ನಮ್ಮ ಅಜ್ಜ ತೀರಿಕೊಂಡದ್ದನ್ನು ನನಗೆ ಬಾಣಂತನ ಮುಗಿದ ಮೇಲೆಯೇ ಹೇಳಿದ್ದು. ಅಲ್ಲಿಯ ತನಕ ಅಜ್ಜನಿಗೆಂದು ನಾನು ಕಾಲುಚೀಲ ಹೆಣೆಯುತ್ತಿದ್ದೆ, ಎಲ್ಲರೂ ಬಣ್ಣ ಚೆನ್ನಾಗಿದೆ ಎನ್ನುತ್ತಿದ್ದರು. ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೂ ನನ್ನ ಸರದಿ ಬಂದಾಗ ನಾನೂ ಅದನ್ನೇ ಮಾಡಿದೆ ನೋಡು. ಚಂದ್ರಮೋಹನ ಆಫೀಸ್ ಟೂರ್ ಎಂದು ನಾಲ್ಕು ದಿನ ದೆಹಲಿಗೆ ಬಂದದ್ದು ಟೂರಿಗಲ್ಲ. ಮಾವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಮ್ಮ ಎರಡನೇ ಮಹಡಿಗೆ ಹೊತ್ತು ತಂದವರಲ್ಲಿ ಅವನೂ ಒಬ್ಬ. ಗಂಡನ ಮೇಲೆ ಹಾರಾಡಬೇಡ. ಪಾಪ, ಕರೋಲ್ ಬಾಗಿಗೆ ಹೋಗಿ ನಿನಗೊಂದು ಸೀರೆ ತಂದುಕೊಂಡು ಹೋದ, ಟೂರಿನ ಸಾಕ್ಷಿಗೆ.

ಮಾತಿನ ವಿಷಯ ಹೇಳುತ್ತೇನೆ. ಅವರಿಗೆ ನಾವು ಹೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ. ಹೇಳಬೇಕಾದದ್ದು ಬರುವುದಿಲ್ಲ. ನೀರು ಬೇಕಾದರೆ ಲೋಟ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಬಾಯಿ ತೆರೆಯುತ್ತದೆ, ಗಂಟಲಿನಲ್ಲಿ ಏನೋ ಹೊರಳುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಎಡಗೈಯಲ್ಲಿ ಉಣ್ಣಲು ಮೊದಲ ವಾರ ಸುತರಾಂ ಒಪ್ಪಲಿಲ್ಲ, ತಟ್ಟೆ ತಳ್ಳಿದರು. ಈಗ ಚಮಚದಲ್ಲಿ ನಾನು ತಿನ್ನಿಸುತ್ತೇನೆ. ಮಾತು ಬೆಳ್ಳಿ, ಮೌನ ಬಂಗಾರ ಎಂದವನನ್ನು ಕರೆಸಿ ನಮ್ಮ ಮನೆಯಲ್ಲಿ ಒಂದು ವಾರ ಇರಿಸಬೇಕು. ಸಾರಿಗೆ ಹುಳಿ ಜಾಸ್ತಿಯಾದರೆ ಪುರಾಣ ಓದುತ್ತಿದ್ದ ಮನುಷ್ಯ, ಪಕ್ಕದ ಬ್ಲಾಕಿನ ಪಾರ್ಕಿಂಗ್ ಜಗಳಕ್ಕೂ ಹೋಗಿ ತೀರ್ಪು ಕೊಡುತ್ತಿದ್ದ ಮನುಷ್ಯ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ನನಗೇ ಹೇಳಿ ನನ್ನ ಜೊತೆಗೇ ಜಗಳಕ್ಕೆ ನಿಲ್ಲುತ್ತಿದ್ದರು.

ಮಾತು ಕಲಿಸಲು ಆಸ್ಪತ್ರೆಯಿಂದ ಪ್ರಕೃತಿ ಎಂಬ ಹುಡುಗಿ ಬರುತ್ತಾಳೆ. ಅಪ್ಪ ಅಮ್ಮ ಮೈಸೂರಿನವರಂತೆ, ಹುಟ್ಟಿ ಬೆಳೆದದ್ದೆಲ್ಲ ಇಲ್ಲಿ. ‘ಆಂಟಿ, ಕನ್ನಡ ಸಮಝ್ ಆತಾ ಹೈ, ಮಾತಾಡಕ್ಕೆ ಸ್ವಲ್ಪ ಶರಂ’ ಎನ್ನುತ್ತಾಳೆ, ಕೇಳಿದರೆ ಅರ್ಥವಾಗುತ್ತದಂತೆ, ಆಡಲು ನಾಚಿಕೆ. ಒಳ್ಳೆಯ ಹುಡುಗಿ. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸಿ ಇದೇನು, ಇದೇನು ಎಂದು ಕೇಳುತ್ತಾಳೆ. ಬೀಗದ ಕೈ ತೋರಿಸಿದರೆ ಇವರು ಬಾಗಿಲ ಕಡೆ ನೋಡುತ್ತಾರೆ, ಅಂದರೆ ಗೊತ್ತಿದೆ, ಹೆಸರು ಮಾತ್ರ ಬರುವುದಿಲ್ಲ. ಒಂದು ದಿನ ನನ್ನನ್ನು ತೋರಿಸಿ ಇವರ ಹೆಸರೇನು ಎಂದು ಕೇಳಿದಳು. ಅವರು ತಡವರಿಸಿದರು. ಅವಳು ಮುಖ ಸಣ್ಣದು ಮಾಡಿಕೊಂಡು ಏನೋ ಬರೆದುಕೊಳ್ಳಲು ಹೋದಳು. ‘ಬರೆಯಬೇಡಮ್ಮ, ಇವರು ಚೆನ್ನಾಗಿದ್ದಾಗಲೂ ನನ್ನ ಹೆಸರು ಹೇಳಿದವರಲ್ಲ’ ಎಂದೆ. ಹರಿಣೀ ಎಂದು ಕೂಗುತ್ತಿದ್ದರು, ನೀನೂ ಓಡಿ ಬರುತ್ತಿದ್ದೆ, ನಾನೂ ಬರುತ್ತಿದ್ದೆ. ಯಾರು ಬೇಕಾಗಿತ್ತು ಎಂಬುದು ಬಂದ ಮೇಲೆ ತಿಳಿಯುತ್ತಿತ್ತು. ಹುಡುಗಿ ನಕ್ಕಳು. ಅಪ್ಪನೂ ನಕ್ಕರು, ಸದ್ದಿಲ್ಲದೆ.

ಆಗಲೇ ನನಗೆ ಏನು ತೋಚಿತೋ, ಬಟಾಣಿ ಸುಲಿಯುತ್ತಾ ಕುಳಿತವಳು ಸುಮ್ಮನೆ ‘ರಪ್ಟ್’ ಎಂದೆ. ನನಗೆ ಆ ಅಕ್ಷರಗಳನ್ನು ಬರೆಯಲೂ ಸರಿಯಾಗಿ ಬಾರದು. ಕೆಲಸದಲ್ಲಿದ್ದಾಗಲೂ ಸಂಜೆ ಮನೆಯಲ್ಲಿ ಪಾಠ ಹೇಳುತ್ತಿದ್ದರಲ್ಲ, ಅದನ್ನು ಮೂವತ್ತು ವರ್ಷ ಅಡುಗೆಮನೆಯಿಂದ ಕೇಳಿ ಕೇಳಿ ಕಿವಿಗೆ ಅಂಟಿಕೊಂಡದ್ದು ಅಷ್ಟೆ. ಅವರು ನೆಟ್ಟಗೆ ಕುಳಿತರು. ‘ಇಂಟರಪ್ಟ್, ಬೀಚ್ ಮೇಂ ಟೋಕನಾ. ಬ್ಯಾಂಕ್‌ರಪ್ಟ್, ದಿವಾಲಿಯಾ. ಅಬ್ರಪ್ಟ್, ಅಚಾನಕ್. ಕರಪ್ಟ್, ಭ್ರಷ್ಟ್.’ ಒಂದೂ ತಡೆಯಲಿಲ್ಲ, ನಾಲಿಗೆ ತೊದಲಲಿಲ್ಲ, ಅದೇ ಗಂಟಲು, ಅದೇ ಗತ್ತು. ಪ್ರಕೃತಿಯ ಕೈಯಿಂದ ಕಾರ್ಡು ಜಾರಿತು. ಬೀಗದ ಕೈ ಎನ್ನಲು ಬಾರದವರ ಬಾಯಲ್ಲಿ ಬ್ಯಾಂಕ್‌ರಪ್ಟ್! ಮುಗಿದ ಮೇಲೆ ಮತ್ತೆ ಮೊದಲಿನಂತೆಯೇ ಆದರು. ಬಾಯಿಪಾಠವಾದದ್ದು ಮಿದುಳಿನಲ್ಲಿ ಬೇರೆ ಕಡೆ ಕುಳಿತಿರುತ್ತದೆ, ಮಾತು ಹೋದವರು ಕೆಲವರು ದೇವರನಾಮ ಪೂರ್ತಿ ಹಾಡುತ್ತಾರೆ, ಇದೂ ಹಾಗೆಯೇ ಎಂದು ಅವಳು ವಿವರಿಸಿದಳು. ಅಂದರೆ ಹೇಳುವುದು ಇವರಲ್ಲ, ಅಭ್ಯಾಸ ಹೇಳುತ್ತದೆ. ಸರಿ ಬಿಡಮ್ಮ, ಇಷ್ಟಾದರೂ ಉಳಿಯಿತಲ್ಲ ಎಂದು ನಾನು ಬಟಾಣಿ ಸುಲಿಯುವುದನ್ನು ಮುಂದುವರಿಸಿದೆ.

ಆದರೆ ಒಂದು ಅಕ್ಷರ ಕನ್ನಡವಿಲ್ಲ. ಇಂಗ್ಲಿಷ್ ಪದ, ಹಿಂದಿ ಅರ್ಥ. ನನ್ನ ಜೊತೆ ಆಡಿದ, ಬೈದ, ಮುನಿಸಿಕೊಂಡ ಭಾಷೆ ಎಲ್ಲಿ ಹೋಯಿತೋ. ಆ ವಾರವೇ ಭಾನುವಾರ ನಿನ್ನ ಫೋನ್ ಬಂತು. ಅಲ್ಲಿಯ ತನಕ ಅಪ್ಪ ಹೊರಗೆ ಹೋಗಿದ್ದಾರೆ, ಮಲಗಿದ್ದಾರೆ ಎಂದು ಸಾಗಿಸಿದ್ದೆ. ಅಂದು ನೀನು ಹಟ ಹಿಡಿದೆ. ‘ಸ್ಪೀಕರ್ ಹಾಕಮ್ಮಾ, ಅಪ್ಪನಿಗೆ ನನ್ನ ಧ್ವನಿಯಾದರೂ ಕೇಳಲಿ’ ಎಂದೆ. ಹೇಳಿಬಿಡೋಣ, ಇನ್ನು ಆಗುವುದಿಲ್ಲ ಎಂದುಕೊಂಡೇ ಗುಂಡಿ ಒತ್ತಿದೆ. ನೀನು ‘ಅಪ್ಪಾ, ಇವತ್ತಿನ ಕೊಂಡಿ ನಾನು ಹಾಕ್ತೀನಿ. ಇ, ಎ, ಆರ್’ ಎಂದೆ. ಸ್ಕೂಟರಿನ ಮುಂದೆ ನಿಂತು ಶಾಲೆಗೆ ಹೋಗುವಾಗಿನಿಂದ ನಿಮ್ಮಿಬ್ಬರ ಆಟ ಅದು. ಅಕ್ಷರ ಮೂರೇ, ಒಂದೊಂದು ಪದದಲ್ಲಿ ಒಂದೊಂದು ಸದ್ದು, ಇಂಗ್ಲಿಷಿನವರಿಗೆ ತಲೆ ಕೆಟ್ಟಿದೆ ಎಂದು ನಾನು ಬೈದರೆ ನೀವಿಬ್ಬರೂ ನಗುತ್ತಿದ್ದಿರಿ. ಶಾಲೆಯಲ್ಲಿ ಹಿಂದಿ ಮಾತಾಡಿ ಕೆಟ್ಟುಹೋಗುತ್ತೀಯೆಂದು ನಿನಗೆ ಮಾತ್ರ ಅರ್ಥ ಕನ್ನಡದಲ್ಲೇ ಹೇಳಬೇಕೆಂದು ಅವರ ಕಟ್ಟಪ್ಪಣೆ. ‘ಹಾರ್ಟ್ ಅಂದ್ರೆ ಹೃದಯ’ ಎಂದು ನೀನು ಹೇಳಿದರೆ, ‘ಎದೆ ಅನ್ನು, ಹೃದಯ ಡಾಕ್ಟರಿಗೆ ಬಿಡು’ ಎನ್ನುತ್ತಿದ್ದರು.

ನಿನ್ನ ಧ್ವನಿ ಕೇಳಿ ಅವರು ಫೋನಿನ ಕಡೆ ವಾಲಿದರು. ‘ಹಾರ್ಟ್, ಎದೆ. ಅರ್ತ್, ನೆಲ. ಲರ್ನ್, ಕಲಿ. ಪರ್ಲ್, ಮುತ್ತು. ಬಿಯರ್ಡ್, ಗಡ್ಡ.’ ಹರಿಣೀ, ಅವು ಕನ್ನಡ. ಅಷ್ಟು ದಿನಗಳಲ್ಲಿ ಆ ಬಾಯಿಂದ ಬಂದ ಮೊದಲ ಕನ್ನಡ. ಗಡ್ಡ ಎಂದಾಗ ನೀನು ಚಿಕ್ಕವಳಂತೆ ನಕ್ಕೆ. ನಾನು ಹೇಳಬೇಕೆಂದಿದ್ದದ್ದನ್ನು ಹೇಳಲಿಲ್ಲ. ಅಪ್ಪನಿಗೆ ಪಾಠ ಮಾಡಿ ಮಾಡಿ ಗಂಟಲು ಕಟ್ಟಿದೆ, ಡಾಕ್ಟರ್ ಹೆಚ್ಚು ಮಾತು ಬೇಡವೆಂದಿದ್ದಾರೆ, ಬರೀ ಕೊಂಡಿ ಆಡಿ ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ. ಆಮೇಲೆ ಪ್ರತಿ ಭಾನುವಾರ ಹಾಗೆಯೇ ನಡೆಯಿತು. ಬೆಳಿಗ್ಗೆಯೇ ಅವರಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಫೋನಿನ ಪಕ್ಕ ಕೂರಿಸುತ್ತಿದ್ದೆ. ಫೋನಿಗೇನು ಕಣ್ಣಿದೆಯೇ? ಆದರೂ. ನೀನು ಬೇರೆ ಏನಾದರೂ ಕೇಳಿದರೆ ನಡುವೆ ನಾನು ಬಾಯಿ ಹಾಕುತ್ತಿದ್ದೆ. ‘ಅಪ್ಪನ ಜೊತೆ ಮಾತಾಡಕ್ಕೆ ಬಿಡಮ್ಮಾ’ ಎಂದು ನೀನು ರೇಗಿದ್ದೂ ಉಂಟು.

ಉಳಿದ ದಿನಗಳಲ್ಲಿ ನಾನೂ ಪ್ರಯತ್ನ ಮಾಡಿದೆ. ನಾನು ಇ, ಎ, ಆರ್ ಎಂದರೆ ‘ಹಾರ್ಟ್, ದಿಲ್’ ಎನ್ನುತ್ತಾರೆ. ಕನ್ನಡದಲ್ಲಿ ಹೇಳಿ ಎಂದರೆ ಮುಖ ಖಾಲಿಯಾಗುತ್ತದೆ. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ನಿನ್ನ ಹಾಗೆಯೇ ಧ್ವನಿ ಸಣ್ಣದು ಮಾಡಿ ‘ಅಪ್ಪಾ’ ಎಂದು ಕರೆದು ನೋಡಿದೆ. ಕಟ್ಟಿಕೊಂಡ ಗಂಡನನ್ನು! ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ನನ್ನ ತಲೆಯ ಮೇಲೆ ಎಡಗೈ ಇಟ್ಟರು. ಇವಳಿಗೂ ಏನೋ ಆಗಿದೆ ಎಂದುಕೊಂಡರೋ ಏನೋ. ಕನ್ನಡ ಮಾತ್ರ ಬರಲಿಲ್ಲ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾಯಿತು, ಹೆತ್ತ ಮಗಳ ಮೇಲೆ. ಸುಳ್ಳು ಹೇಳುವುದಿಲ್ಲ.

ಇಷ್ಟಾದರೂ ನನಗೆ ಅಳು ಬಂದಿಲ್ಲ. ಆಸ್ಪತ್ರೆಯ ಓಡಾಟ ಮುಗಿಯಲಿ, ಆಮೇಲೆ ಅಳೋಣ ಎಂದುಕೊಂಡಿದ್ದೆ. ಮನೆಗೆ ಬಂದ ಮೇಲೂ ಬರಲಿಲ್ಲ. ಕೆಳಮನೆಯ ಖುರಾನಾ ಆಂಟಿ ಬಂದು ನನ್ನ ಭುಜ ಹಿಡಿದು ‘ರೋ ಲೋ, ಬೆಹನ್‌ಜೀ, ರೋ ಲೋ’ ಎನ್ನುತ್ತಾರೆ. ಅಳು ಎಂದರೆ ನಲ್ಲಿಯೇ, ತಿರುಗಿಸಿದರೆ ಬರಲು? ಈ ಬಡಾವಣೆಯಲ್ಲಿ ನಲ್ಲಿ ತಿರುಗಿಸಿದರೂ ನೀರು ಬರುವುದಿಲ್ಲ. ಮನಸ್ಸು ಮರಗಟ್ಟಿ ಕುಳಿತಿದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ರುಚಿ ನೋಡಿದರೂ ತಿಳಿಯುವುದಿಲ್ಲ. ದೀಪಾವಳಿಗೆ ಮೇಲಿನ ಮನೆಯವರು ಬಾಲ್ಕನಿಯಲ್ಲೇ ಪಟಾಕಿ ಸರ ಹಚ್ಚಿದರು. ಅಪ್ಪ ಬೆಚ್ಚಿ ನನ್ನ ಸೆರಗು ಹಿಡಿದರು. ನನಗೆ ಅದು ಯಾವುದೋ ಬೇರೆ ಊರಿನ ಸದ್ದಿನಂತೆ ಕೇಳಿಸಿತು. ನಿನ್ನ ಸೀಮಂತದ ದಿನ ಇಲ್ಲಿ ದೇವರ ಮುಂದೆ ಹಸಿರು ಬಳೆ ಇಟ್ಟು ಕುಂಕುಮ ಹಾಕಿದೆ. ಅಲ್ಲಿ ನಿನಗೆ ಆರತಿ ಎತ್ತುತ್ತಿರುತ್ತಾರೆ, ತಾಯಿಯ ಜಾಗದಲ್ಲಿ ಯಾರೋ ನಿಂತಿರುತ್ತಾರೆ ಎಂದು ಗೊತ್ತಿತ್ತು. ಗೊತ್ತಿತ್ತು ಅಷ್ಟೆ. ಎದ್ದು ಹೋಗಿ ಅಪ್ಪನ ಬಟ್ಟೆ ಒಗೆದೆ.

ಇನ್ನು ಮೊನ್ನೆಯ ಮಾತು. ನಾನು ಗ್ಯಾಸ್ ಆರಿಸಲು ಒಳಗೆ ಹೋಗಿದ್ದೆ, ಸ್ಪೀಕರಿನ ಮಾತು ಅಲ್ಲಿಗೂ ಕೇಳಿಸುತ್ತಿತ್ತು. ನೀನು ಕೊಂಡಿ ‘ಪೋರ್ಟ್’ ಎಂದು ಹಾಕಿ, ಅದು ನಡೆಯುತ್ತಿರುವಾಗಲೇ ‘ಅಪ್ಪಾ, ನಿಮಗೆ ಮೊಮ್ಮಗ ಬೇಕೋ ಮೊಮ್ಮಗಳೋ?’ ಎಂದು ಕೇಳಿದೆ. ‘ಎಕ್ಸ್‌ಪೋರ್ಟ್, ಹೊರಗೆ ಕಳಿಸು’ ಎಂದರು. ನೀನು ನಕ್ಕೆ. ಆಮೇಲೆ ದನಿ ತಗ್ಗಿಸಿ, ‘ನಿಜ ಹೇಳಿ ಅಪ್ಪಾ, ಸೀಮಂತಕ್ಕೆ ಯಾಕೆ ಬರಲಿಲ್ಲ? ನನ್ನ ಮೇಲೆ ಸಿಟ್ಟಾ?’ ಎಂದೆ. ‘ಇಂಪೋರ್ಟ್, ಒಳಗೆ ತರು. ರಿಪೋರ್ಟ್, ವರದಿ’ ಎಂದರು. ಅವರು ಹೇಳುತ್ತಲೇ ಹೋದರು. ನಾನು ಓಡಿ ಬರುವಷ್ಟರಲ್ಲಿ ಎಲ್ಲವೂ ಮುಗಿದು, ಕೊಂಡಿ ಹಾಕಿದವರು ಯಾಕೆ ಮಾತಾಡುತ್ತಿಲ್ಲ ಎಂಬಂತೆ ಫೋನನ್ನೇ ನೋಡುತ್ತಿದ್ದರು. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. ನಿನ್ನ ಪ್ರಶ್ನೆ ಅವರಿಗೆ ತಿಳಿದಿದೆ, ಹರಿಣಿ. ಉತ್ತರವೂ ಒಳಗಿದೆ. ಸಿಟ್ಟು ಎಂಬ ಮಾತನ್ನು ನೀನು ಮನಸ್ಸಿನಿಂದ ತೆಗೆದುಹಾಕು. ನೀನೆಂದರೆ ಅವರಿಗೆ ಎಷ್ಟು ಜೀವವೆಂಬುದನ್ನು ನಾನು ಬರೆದು ತಿಳಿಸಬೇಕಾಗಿಲ್ಲ.

ಈಗ ನನ್ನ ಮಾತು ಕೇಳು. ಇದನ್ನು ಓದಿ ಪೆಟ್ಟಿಗೆ ಕಟ್ಟಿಕೊಂಡು ಓಡಿ ಬರಬೇಡ. ಹೆರಿಗೆ ಅಲ್ಲೇ ಆಗಲಿ. ತವರಿನಲ್ಲಿ ಆಗಬೇಕಾದದ್ದು ನಿಜ, ಆದರೆ ಎರಡು ಬಾಣಂತನ ಒಟ್ಟಿಗೆ ಮಾಡಲು ನನಗಿರುವುದು ಎರಡೇ ಕೈ. ಲೀಲಮ್ಮನವರು ಎಣ್ಣೆ, ನೀರು, ಖಾರ ಎಲ್ಲ ತಾವೇ ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಬೀಗರಲ್ಲಿ ಯಾರು ಇಷ್ಟು ಮಾಡುತ್ತಾರೆ ಹೇಳು. ಅವರ ಎದುರು ಮುಖ ಊದಿಸಿಕೊಂಡು ಕೂರಬೇಡ. ನಾನು ನಿಭಾಯಿಸುತ್ತಿದ್ದೇನೆ. ಪ್ರಕೃತಿ ಬರುತ್ತಾಳೆ, ಖುರಾನಾ ಆಂಟಿ ಇದ್ದಾರೆ, ಕೋಚಿಂಗಿನ ಮಕ್ಕಳು ಔಷಧಿ ತಂದುಕೊಡುತ್ತಾರೆ. ಭಾನುವಾರ ತಪ್ಪದೆ ಫೋನ್ ಮಾಡಿ ಕೊಂಡಿ ಹಾಕು, ನಿನ್ನ ಜೊತೆ ಬರುವ ಆ ನಾಲ್ಕು ಕನ್ನಡ ಪದ ಅವರಿಗೆ ಬೇಕು. ಫೋನಿನಲ್ಲಿ ಅಳಬೇಡ, ಅವರು ಗಾಬರಿಯಾಗುತ್ತಾರೆ. ಅಳುವುದಿದ್ದರೆ ಈಗ ಈ ಪತ್ರ ಹಿಡಿದುಕೊಂಡೇ ಅತ್ತುಬಿಡು, ನನ್ನ ಪಾಲಿನದ್ದನ್ನೂ ಸೇರಿಸಿ. ಆಮೇಲೆ ಮುಖ ತೊಳೆದು ಬಿಸಿ ಹಾಲು ಕುಡಿ.

ಲೀಲಮ್ಮನವರಿಗೆ ನನ್ನ ನಮಸ್ಕಾರ. ಅವರ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ. ಚಂದ್ರಮೋಹನನಿಗೆ ಆಶೀರ್ವಾದ. ಹೊಟ್ಟೆಯಲ್ಲಿರುವ ಪುಟ್ಟ ಜೀವಕ್ಕೆ ಅಜ್ಜ ಅಜ್ಜಿಯ ಮುತ್ತು. ತಣ್ಣೀರು ಮುಟ್ಟಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಮ್ಮ,
ಮನೋರಮಾ

ತಾ.ಕ.: ಬುಧವಾರ. ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಹೊಂದಿಸಿಕೊಂಡು ಓದು. ಕೊರಿಯರ್ ಅಂಗಡಿಗೆಂದು ಕೆಳಗಿಳಿದಾಗ ಗೇಟಿನ ಹತ್ತಿರ ತರಕಾರಿ ಭಯ್ಯಾ ಗಾಡಿ ನಿಲ್ಲಿಸಿ ‘ಕ್ಯಾ ದೂಂ, ಆಂಟೀಜೀ?’ ಎಂದ. ಕಣ್ಣೆದುರಿಗೇ ಮೂಲಂಗಿ ಇತ್ತು. ಮೂಲಂಗಿ ಕೊಡು ಎನ್ನಲು ಬಾಯಿ ತೆರೆದೆ, ಒಂದು ಮಾತೂ ಬರಲಿಲ್ಲ. ಹಿಂದಿಯೂ ಇಲ್ಲ, ಕನ್ನಡವೂ ಇಲ್ಲ. ಅವನು ನನ್ನನ್ನೇ ನೋಡುತ್ತಾ ನಿಂತ. ನಾನು ಮೇಲೆ ಬಂದುಬಿಟ್ಟೆ. ಗಾಬರಿಯಾಗಬೇಡ, ಕೈಕಾಲು ಸರಿಯಾಗಿವೆ, ಪ್ರಕೃತಿ ಬಂದು ನೋಡಿ ಬಿಪಿ ಸರಿಯಿದೆ ಎಂದಳು, ಅವಳ ಜೊತೆ ಮಾತೂ ಆಡಿದೆ. ಕಾಯಿಲೆಯೇನೂ ಇಲ್ಲ. ಮಾತು ಬೇಕಾಗಿಯೇ ಇಲ್ಲದೆ ಒಣಗಿಹೋಗಿದೆ ಅಷ್ಟೆ. ನಿಭಾಯಿಸುತ್ತಿದ್ದೇನೆ ಎಂದು ಮೇಲೆ ಬರೆದದ್ದನ್ನು ನಂಬಬೇಡ. ನನ್ನ ತಮ್ಮ, ನಿನ್ನ ತಿಪ್ಪೇಸ್ವಾಮಿ ಮಾವ, ನಮ್ಮನ್ನು ನೋಡಲು ಮುಂದಿನ ವಾರ ಊರಿನಿಂದ ಹೊರಡುತ್ತಿದ್ದಾನೆ. ಡಾಕ್ಟರ್ ಒಪ್ಪಿದರೆ, ಎಂಟನೇ ತಿಂಗಳು ಹಿಡಿಯುವ ಮೊದಲೇ ಅವನ ಜೊತೆ ಬಾ. ಲೀಲಮ್ಮನವರ ಕಾಲು ನಾನು ಹಿಡಿಯುತ್ತೇನೆ. ಅಪ್ಪನಿಗೋಸ್ಕರ ಬಾ ಎನ್ನುತ್ತಿಲ್ಲ ಹರಿಣಿ, ಬಾಣಂತನಕ್ಕೂ ಅಲ್ಲ. ನನಗೆ ನೀನು ಬೇಕು.